ಇಬ್ಬರು ನಕ್ಕರು

ನನ್ನ ಪ್ರೇಮ ಶುರುವಾದದ್ದು ಒಂದು ದೂರಿನಿಂದ. ಅದನ್ನು ಬರೆದವನು ಕೈಗೆ ಸಿಕ್ಕರೆ ಗ್ರಹಚಾರ ಬಿಡಿಸಬೇಕು ಎಂದು ಅವತ್ತು ಹಲ್ಲು ಕಡಿದಿದ್ದೆ.

“ಕ್ಯಾಪ್ಷನ್ ಬರೆಯುವವರು ಮೀಟಿಂಗಿನ ಮಧ್ಯೆ ಮಾಯವಾಗುತ್ತಾರೆ. ನಿದ್ದೆ ಬರುತ್ತಿದ್ದರೆ ಮೊದಲೇ ತಿಳಿಸಲಿ, ಮೀಟಿಂಗನ್ನೇ ಮುಂದಕ್ಕೆ ಹಾಕೋಣ.”

ನನ್ನ ಕೆಲಸವೇ ಕ್ಯಾಪ್ಷನ್ ಬರೆಯುವುದು. ಕಿವಿ ಕೇಳಿಸದವರು ಇರುವ ಮೀಟಿಂಗಿಗೆ ಮನೆಯಿಂದಲೇ ಸೇರಿಕೊಂಡು, ಯಾರು ಏನು ಆಡಿದರೂ ಬಾಯಿ ಮುಚ್ಚುವಷ್ಟರಲ್ಲಿ ಟೈಪ್ ಮಾಡಿ ಅವರ ಸ್ಕ್ರೀನಿಗೆ ಕಳಿಸುತ್ತೇನೆ. ಮೊದಲು ಮಾತಾಡಿದವರ ಗುರುತು, ಎದುರಿಗೆ ಅವರ ಮಾತು. ನಕ್ಕರೆ, ಕೆಮ್ಮಿದರೆ, ಬಾಗಿಲು ಬಡಿದರೆ ಕಂಸದೊಳಗೆ ಅದೂ. ನನ್ನ ಸ್ವಂತದ್ದು ಒಂದಕ್ಷರ ಸೇರಬಾರದು, ಕಳಿಸಿದ್ದನ್ನು ತಿದ್ದಬಾರದು, ಇವೆರಡೂ ಕಟ್ಟುನಿಟ್ಟು. ಮನೆಯಲ್ಲಿ ನನ್ನನ್ನು ಗುಡುಗು ಎಂದು ಕರೆಯುತ್ತಾರೆ. ದಿನವಿಡೀ ಊರವರ ಮಾತು ಬರೆದು ಸಂಜೆ ಕೆಳಗಿಳಿದವಳು ಗುಡುಗದೆ ಇನ್ನೇನು ಮಾಡಲಿ?

ಆದರೆ ಮಾಯವಾಗುತ್ತಿದ್ದುದು ನಿಜ. ನಾನಲ್ಲ, ಇಂಟರ್ನೆಟ್. ನಮ್ಮ ರೂಟರ್ ಇರುವುದು ಕೆಳಗೆ ಹಾಲಿನಲ್ಲಿ, ನನ್ನ ಕೋಣೆ ಮಹಡಿಯ ಮೇಲೆ. ಗೋಡೆಗಳು ದಪ್ಪ, ವೈಫೈ ಮೆಟ್ಟಿಲ ತಿರುವಿನಲ್ಲೇ ಸುಸ್ತಾಗಿ ಕೂರುತ್ತದೆ. ಅದಕ್ಕೆ ಅಣ್ಣ ತನ್ನ ಕೈಯಾರೆ ಒಂದು ಕೇಬಲ್ ಎಳೆದುಕೊಟ್ಟಿದ್ದ. ಅವನದು ಪರದೆ ಬಟ್ಟೆಯ ಅಂಗಡಿ. ಒಂದು ಭಾನುವಾರ ಪೂರ್ತಿ ಏಣಿಯ ಮೇಲೆ ನಿಂತು, ಗೋಡೆಗುಂಟ ಒಂದು ಸುಕ್ಕೂ ಇಲ್ಲದ ಹಾಗೆ ಮೊಳೆ ಹೊಡೆದು, ಎರಡೂ ತುದಿಗೆ ತಾನೇ ಪ್ಲಗ್ ಕೂರಿಸಿ, ಮನೆಗೆ ಬಂದವರಿಗೆಲ್ಲ ತೋರಿಸಿದ್ದ.

ಆ ಕೇಬಲ್ಲಿನ ಮೇಲೆ ಅನುಮಾನಪಟ್ಟರೆ ಅಣ್ಣನ ಮೇಲೇ ಅನುಮಾನಪಟ್ಟಂತೆ. ಹಾಗಾಗಿ ತಪ್ಪೆಲ್ಲ ಅತ್ತಿಗೆಯ ಮಿಕ್ಸಿಯದು ಎಂದು ತೀರ್ಮಾನವಾಯಿತು. ನನ್ನ ಮೀಟಿಂಗ್ ಇರುವಾಗ ಮಿಕ್ಸಿ ತಿರುಗಕೂಡದು ಎಂದು ಅಣ್ಣನ ಅಪ್ಪಣೆಯಾಯಿತು. ಅತ್ತಿಗೆ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡಲು ಶುರುಮಾಡಿದರು. ಮಿಕ್ಸಿ ಸುಮ್ಮನಿದ್ದಾಗಲೂ ಲೈನ್ ಕೈಕೊಡುತ್ತದೆ ಎಂದು ನಾನು ಹೇಳುತ್ತಲೇ ಇದ್ದೆ. ಕೇಳುವವರು ಬೇಕಲ್ಲ.

ಆ ಸಿಟ್ಟನ್ನೆಲ್ಲ ಸೇರಿಸಿ ದೂರಿಗೆ ಉತ್ತರ ಕಳಿಸಿದೆ: “ನಿದ್ದೆ ಬರಲು ನಿಮ್ಮ ಮೀಟಿಂಗಿನಲ್ಲಿ ಬೇಕಾದಷ್ಟು ಕಾರಣವಿದ್ದರೂ ನಾನು ಇದುವರೆಗೆ ಮಲಗಿಲ್ಲ. ತಪ್ಪು ಲೈನಿನದು. ತಾಕತ್ತಿದ್ದರೆ ಬಂದು ಹುಡುಕಿ, ವಿಳಾಸ ಕೆಳಗಿದೆ.”

ಬಂದೇಬಿಟ್ಟರು.

ಬಾಗಿಲು ತೆಗೆದರೆ, ತೋಳು ಮಡಚಿದ ಶರ್ಟಿನ ಎತ್ತರದ ಮನುಷ್ಯ. ಹೆಗಲಿಗೆ ಚೀಲ, ಕೈಯಲ್ಲಿ ಸುರುಳಿ ಸುತ್ತಿದ ಕೇಬಲ್.

“ತಾಕತ್ತು ತಂದಿದ್ದೀನಿ. ಲೈನ್ ಎಲ್ಲಿದೆ?”

ಧ್ವನಿ ಬೇಕಾದದ್ದಕ್ಕಿಂತ ಸ್ವಲ್ಪ ಜೋರು, ಏರಿಳಿತ ಕಡಿಮೆ. ನಾನು ಮುಖ ಊದಿಸಿಕೊಂಡು, “ಮೇಲಿದೆ, ಬನ್ನಿ,” ಎಂದು ಬೆನ್ನು ತಿರುಗಿಸಿ ಮೆಟ್ಟಿಲು ಹತ್ತಿದೆ. ಹಿಂದೆ ಹೆಜ್ಜೆ ಸದ್ದಿಲ್ಲ. ತಿರುಗಿದರೆ ಮನುಷ್ಯ ಇನ್ನೂ ಹೊಸ್ತಿಲಲ್ಲೇ ಇದ್ದಾರೆ.

“ಬೆನ್ನಿನಿಂದ ಮಾತಾಡಿದ್ರೆ ನನಗೆ ಗೊತ್ತಾಗಲ್ಲ,” ಎಂದು ನಕ್ಕರು. “ನಿಮ್ಮ ಕ್ಯಾಪ್ಷನ್ ಓದೋನು ನಾನೇ.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಆ ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವವರು. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತಂತೆ. ಅಷ್ಟರಲ್ಲಿ ಮಾತು ಬಂದಾಗಿತ್ತು. ಎದುರಿನವರ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಾರೆ, ಆಗದಿದ್ದರೆ ಫೋನ್ ಮುಂದಿಟ್ಟು ಟೈಪ್ ಮಾಡಿಸುತ್ತಾರೆ. ಚೀಲದಿಂದ ಹೊರಬಂದ ತಂತಿಗಳ ರಾಶಿ ನೋಡಿ ಅಮ್ಮ ಅವರಿಗೆ ತಂತಿರಾಯ ಎಂದು ಹೆಸರಿಟ್ಟಳು.

ಒಂದು ವಿಷಯ ಹೇಳಲೇಬೇಕು. ನಾನು ಮಾತಾಡುವಾಗ ನಮ್ಮ ಮನೆಯಲ್ಲಿ ಅಮ್ಮ ಟಿವಿ ನೋಡುತ್ತಾಳೆ, ಅಣ್ಣ ಫೋನ್ ನೋಡುತ್ತಾನೆ, ಅತ್ತಿಗೆ ಒಲೆ ನೋಡುತ್ತಾರೆ. ತಂತಿರಾಯರು ನನ್ನನ್ನು ನೋಡಿದರು. ಕಣ್ಣು ಪಿಳುಕಿಸಿದರೆ ಒಂದು ಪದ ತಪ್ಪಿಹೋದೀತು ಎನ್ನುವ ಹಾಗೆ, ನನ್ನ ಮಾತು ಮುಗಿದು ತುಟಿ ಕೂಡುವವರೆಗೂ ನೋಡಿದರು. ಅದು ಅವರಿಗೆ ಅಭ್ಯಾಸ, ನನಗಲ್ಲ. ರೂಟರ್ ಯಾವಾಗ ಕೊಂಡದ್ದು ಎಂದು ಕೇಳಿದ್ದಕ್ಕೆ ನಾನು ಮೂರು ಸಲ ತಡವರಿಸಿದೆ.

“ನಿಧಾನ. ಅವಸರ ಇಲ್ಲ,” ಎಂದರು.

“ಅವಸರ ಅಲ್ಲ, ನೀವು ಹಾಗೆ ನೋಡಿದ್ರೆ ಯಾರಿಗಾದ್ರೂ ಮರೆತುಹೋಗುತ್ತೆ.”

“ಹಾಗಾದ್ರೆ ನೀವು ಹೇಳಿದ್ದು ನನಗೆ ಗೊತ್ತಾಗೋದು ಹೇಗೆ?”

ನಾನು ರೂಟರಿನ ಬಿಲ್ಲು ಹುಡುಕಲು ಹೋದೆ.

ನನ್ನ ಲ್ಯಾಪ್‌ಟಾಪನ್ನು ಕೆಳಗೆ ತಂದು, ತಮ್ಮ ಗಿಡ್ಡ ಕೇಬಲ್ಲಿನಿಂದ ನೇರವಾಗಿ ರೂಟರಿಗೆ ಸಿಕ್ಕಿಸಿ ನೋಡಿದರು. ಸರಾಗ. ಮೇಲೆ ಒಯ್ದು ಅಣ್ಣನ ಕೇಬಲ್ಲಿಗೆ ಸಿಕ್ಕಿಸಿದರು. ಸ್ವಲ್ಪ ಹೊತ್ತು ಓಡಿತು, ಆಮೇಲೆ ಬಿತ್ತು. ಅವರ ಲ್ಯಾಪ್‌ಟಾಪ್ ಇಟ್ಟರೂ ಅದೇ ಪಾಡು.

“ಲ್ಯಾಪ್‌ಟಾಪ್ ಸರಿ ಇದೆ. ರೂಟರ್ ಸರಿ ಇದೆ. ಮಧ್ಯದಲ್ಲಿ ಇರೋರು ಯಾರು?”

ಇಬ್ಬರೂ ಗೋಡೆಯ ಮೇಲಿನ ಕೇಬಲ್ ನೋಡಿದೆವು. ಊಟಕ್ಕೆಂದು ಅಂಗಡಿಯಿಂದ ಬಂದ ಅಣ್ಣ ನಮ್ಮನ್ನು ನೋಡಿದ.

ಕೇಬಲ್ಲಿನ ಎರಡೂ ತುದಿಗೆ ಟೆಸ್ಟರ್ ಹಾಕಿದರು. ಒಳಗಿರುವ ಎಂಟು ತಂತಿಗೂ ಒಂದೊಂದು ದೀಪ. ಎಲ್ಲೋ ತುಂಡಾಗಿದ್ದರೆ ಆ ದೀಪ ಹತ್ತುವುದಿಲ್ಲ. ಒಂದಾದ ಮೇಲೊಂದು ಎಂಟೂ ಹತ್ತಿದವು. ಅಣ್ಣ ಎದೆಯುಬ್ಬಿಸಿ ಕೈತೊಳೆಯಲು ಹೋದ. “ನಾನು ಮೊದಲೇ ಹೇಳಿದ್ದೆ, ಮಿಕ್ಸಿ!” ಎಂಬ ಕೂಗು ಬಚ್ಚಲಿನಿಂದ ಬಂತು. ಅಡುಗೆಮನೆಯಲ್ಲಿ ಒಂದು ಪಾತ್ರೆ ದಡಾರನೆ ಬಿತ್ತು.

ತಂತಿರಾಯರು ಪೆಚ್ಚಾಗಿ ಚೀಲ ಕಟ್ಟಿಕೊಂಡರು. ಗೇಟಿನವರೆಗೆ ಹೋದವರು ತಿರುಗಿ ನಿಂತರು.

“ಮತ್ತೆ ಬರ್ತೀನಿ. ಸೋತಿಲ್ಲ ಇನ್ನೂ.” ಆಮೇಲೆ, “ಒಂದು ಕೇಳ್ಲಾ? ಹೋದ ತಿಂಗಳು ನಮ್ಮ ಮ್ಯಾನೇಜರ್ ಜೋಕ್ ಹೇಳಿದ್ರು. ಬೇರೆಯವರಾಗಿದ್ರೆ ‘ನಗು’ ಅಂತ ಹಾಕಿ ಸುಮ್ಮನಾಗ್ತಿದ್ರು. ನೀವು ‘ಇಬ್ಬರು ನಕ್ಕರು’ ಅಂತ ಹಾಕಿದ್ರಿ.”

“ಮೂವತ್ತು ಜನದಲ್ಲಿ ಇಬ್ಬರೇ ನಕ್ಕಿದ್ದು. ಸುಳ್ಳು ಬರೆಯೋಕಾಗುತ್ತಾ?”

“ಅದಕ್ಕೇ ಹೇಳಿದ್ದು. ಇಷ್ಟು ವರ್ಷ ನನಗೆ ಯಾರೂ ನಿಜವಾಗಿ ಎಷ್ಟು ಜನ ನಕ್ಕರು ಅಂತ ಹೇಳಿರಲಿಲ್ಲ. ಇವರನ್ನ ನೋಡಬೇಕು ಅಂತ ಅವತ್ತೇ ಅನ್ನಿಸಿತು. ನಿದ್ದೆ ವಿಷಯ ಬರೆದದ್ದು ತಪ್ಪಾಯ್ತು.”

ಅವರು ಹೋದ ಮೇಲೂ ನಾನು ಗೇಟ್ ಹಿಡಿದು ನಿಂತಿದ್ದೆ. ಅಮ್ಮ ಕಿಟಕಿಯಿಂದ, “ಗೇಟು ಬಿದ್ದುಹೋಗಲ್ಲ ಕಣೇ, ಒಳಗೆ ಬಾ,” ಎಂದಳು.

ಎರಡನೆಯ ಸಲ ಬಂದಾಗ ಅವರು ಟೆಸ್ಟರ್ ತೆಗೆಯಲೇ ಇಲ್ಲ. ಕೇಬಲ್ಲಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಪ್ಲಗ್ಗಿನೊಳಗಿನ ಬಣ್ಣಗಳನ್ನು ನೋಡಿದರು. ನೋಡಿ ನೋಡಿ ನಗತೊಡಗಿದರು.

“ಎಂಟು ತಂತಿ ಅಂದ್ರೆ ನಾಲ್ಕು ಜೋಡಿ. ಪಕ್ಕದವರ ಗಲಾಟೆ ತಟ್ಟಬಾರದು ಅಂತ ಒಂದೊಂದು ಜೋಡೀನೂ ಹೆಣೆದುಕೊಂಡು ಹೋಗುತ್ತೆ. ಪ್ಲಗ್ಗಿನಲ್ಲಿ ಎಂಟು ಮನೆ, ಮೂರನೇ ಮನೆಯ ತಂತಿಗೆ ಜೋಡಿ ಪಕ್ಕದಲ್ಲಲ್ಲ, ಆರನೇ ಮನೆಯಲ್ಲಿ ಕೂರಬೇಕು. ನಿಮ್ಮಣ್ಣ ಚೆಂದ ಕಾಣಲಿ ಅಂತ ಹಸಿರಿನ ಪಕ್ಕ ಹಸಿರು, ನೀಲಿ ಪಕ್ಕ ನೀಲಿ, ಹೀಗೆ ಸಾಲಾಗಿ ಕೂರಿಸಿದ್ದಾರೆ. ಅದಕ್ಕೆ ಈ ಹಸಿರು ತನ್ನ ಜೋಡಿ ಬಿಟ್ಟು ಆ ನೀಲಿ ಜೊತೆ ಸಂಸಾರ ಮಾಡ್ತಿದೆ.”

“ಮತ್ತೆ ಎಂಟೂ ದೀಪ ಹತ್ತಿತಲ್ಲ?”

“ಎರಡೂ ತುದಿಯಲ್ಲಿ ಒಂದೇ ಥರ ತಪ್ಪು ಮಾಡಿದ್ರೆ ಹತ್ತುತ್ತೆ. ತಂತಿ ಈ ತುದಿಯಿಂದ ಆ ತುದಿಗೆ ತಲುಪ್ತಾ ಅಂತ ಅಷ್ಟೇ ದೀಪ ನೋಡುತ್ತೆ. ಯಾರ ಜೊತೆ ಬಂತು ಅಂತ ಕೇಳಲ್ಲ. ಕೆಲಸ ಹೆಚ್ಚಾದಾಗ, ಹತ್ತಿರ ಮಿಕ್ಸಿ ಓಡಿದಾಗ ತಡ್ಕೊಳ್ಳೋಕೆ ಆಗಲ್ಲ.”

ಪಕ್ಕದಲ್ಲೇ ನಿಂತಿದ್ದ ಅಣ್ಣನಿಗೆ ಇದನ್ನು ಸಹಿಸಲಾಗಲಿಲ್ಲ. “ಬಣ್ಣ ಹೊಂದಿಸೋದನ್ನ ನನಗೆ ಹೇಳಿಕೊಡ್ತಾರಾ? ಊರವರ ಕಿಟಕಿಗೆಲ್ಲ ಹೊಂದಿಸಿ ಕೊಡೋನು ನಾನು. ಆ ಕೇಬಲ್ ಮುಟ್ಟಕೂಡದು!”

ತಂತಿರಾಯರು ಕೈ ಹಿಂದಕ್ಕೆ ತೆಗೆದರು. ಮನೆ ಅವರದಲ್ಲವಲ್ಲ. ನನ್ನದು ಹೌದು. ಅಡುಗೆಮನೆಗೆ ಹೋದೆ. ನಾನು ಕೇಳುವ ಮೊದಲೇ ಅತ್ತಿಗೆ ಕತ್ತರಿಯನ್ನು ನನ್ನ ಅಂಗೈಯಲ್ಲಿಟ್ಟು, ಏನೂ ಆಗದವರಂತೆ ಒಲೆಯ ಕಡೆ ತಿರುಗಿದರು. ಬಂದು ಕೆಳಗಿನ ತುದಿ ಕತ್ತರಿಸಿದೆ. ಮಹಡಿ ಹತ್ತಿ ಮೇಲಿನ ತುದಿಯನ್ನೂ ಕತ್ತರಿಸಿದೆ. ಅಣ್ಣ ಬಿಟ್ಟ ಬಾಯಿ ಮುಚ್ಚಲಿಲ್ಲ.

“ಇನ್ನು ಹೊಸದು ಹಾಕಲೇಬೇಕು,” ಎಂದೆ, ಕೆಳಗಿಳಿದು ತಂತಿರಾಯರ ಮುಖಕ್ಕೆ ಮುಖ ಕೊಟ್ಟು.

ಹೊಸ ಪ್ಲಗ್ ಕೂರಿಸುವಾಗ ಬೆಳಕು ಹಿಡಿಯುವ ಕೆಲಸ ನನ್ನದು. ಅವರು ಎಂಟು ತಂತಿಗಳನ್ನು ಬೆರಳ ನಡುವೆ ನೇರಮಾಡಿ, ಉಗುರಿನಿಂದ ಒಂದೊಂದನ್ನೇ ಅದರ ಜಾಗಕ್ಕೆ ಸರಿಸುತ್ತಿದ್ದರು. ತಲೆಗಳು ಹತ್ತಿರವಿದ್ದವು. ಒಮ್ಮೆ ಕಣ್ಣೆತ್ತಿ ನನ್ನ ತುಟಿ ನೋಡಿದರು.

“ಏನೋ ಹೇಳಿದ್ರಾ?”

“ಇಲ್ಲವಲ್ಲ.”

“ಮತ್ತೆ ನಾನ್ಯಾಕೆ ನೋಡಿದೆ?”

“ಅದನ್ನ ನೀವೇ ಹೇಳಬೇಕು. ಬೆಳಕು ಅಲ್ಲಾಡ್ತಿದೆ, ಬೇಗ ಮುಗಿಸಿ.”

“ಅಲ್ಲಾಡಿಸ್ತಿರೋದು ನೀವು,” ಎಂದು ಮತ್ತೆ ತಲೆ ತಗ್ಗಿಸಿದರು. ಅವರ ಕಿವಿಯ ತುದಿ ಕೆಂಪಾಗಿತ್ತು. ನನ್ನದು ಹೇಗಿತ್ತೋ, ಕನ್ನಡಿ ಇರಲಿಲ್ಲ.

ಮುಗಿದ ಮೇಲೆ ಹಾಲಿನ ಟಿವಿಯಲ್ಲಿ ನನ್ನ ಕ್ಯಾಪ್ಷನ್ ಬರುವ ಪುಟ ತೆರೆದಿಟ್ಟು, ಮೇಲಿನಿಂದ ಟೈಪ್ ಮಾಡಲು ಹೇಳಿದರು. ನನ್ನ ಮೇಜು ಬಾಗಿಲ ಪಕ್ಕದಲ್ಲೇ ಇದೆ. ಕತ್ತು ಚಾಚಿದರೆ ಮಹಡಿಯ ಕಂಬಿಗಳ ನಡುವೆ ಇಡೀ ಹಾಲ್ ಕಾಣುತ್ತದೆ, ಮಾತೂ ಕೇಳಿಸುತ್ತದೆ. ಅತ್ತಿಗೆ ಎಷ್ಟೋ ದಿನದ ಸಿಟ್ಟು ತೀರಿಸಿಕೊಳ್ಳುವಂತೆ ಮಿಕ್ಸಿ ಹಾಕಿದರು. ಟಿವಿಯ ಮೇಲೆ ನನ್ನ ಸಾಲು ತಡವರಿಸದೆ ಮೂಡಿತು: (ಮಿಕ್ಸಿ ಗರ್ಜಿಸಿತು. ಲೈನ್ ಹೆದರಲಿಲ್ಲ.)

ಕೆಳಗಿನಿಂದ ಅವರು ತಲೆಯೆತ್ತಿ ನಕ್ಕ ನಗುವಿಗೆ ನಾನು ಆ ಕ್ಷಣವೇ ಬಿದ್ದುಹೋದೆ. ಇದರಲ್ಲಿ ಮುಚ್ಚುಮರೆ ಏನಿದೆ?

ಲೈನ್ ಸರಿಯಾದ ಮೇಲೆ ಅವರು ಬರಲು ಕಾರಣ ಉಳಿಯಲಿಲ್ಲ. ಕಾರಣವಿಲ್ಲದೆಯೇ ಭೇಟಿಯಾದೆವು. ಗ್ರಂಥಾಲಯದ ಹಿಂದಿನ ಕಟ್ಟೆಯ ಮೇಲೆ ಕೂತು ಅವರು ಕೈಭಾಷೆ ಕಲಿಸಿದರು. ಮೊದಲು ಕಲಿತದ್ದು ಬೈಗುಳ, ನಾನೇ ಕೇಳಿ ಕಲಿತದ್ದು. ನನಗೆ ಸಿಟ್ಟು ಬಂದಾಗ ಕೈಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ತಪ್ಪು ಅಕ್ಷರಗಳ ಬೈಗುಳ ಓದಿದ ಹಾಗಾಗುತ್ತದೆ ಎಂದು ಅವರು ಹೊಟ್ಟೆ ಹಿಡಿದು ನಗುತ್ತಿದ್ದರು.

“ನಿಮ್ಮ ಧ್ವನಿ ಹೇಗಿದೆ?” ಎಂದು ಒಮ್ಮೆ ಕೇಳಿದರು.

“ಜೋರು. ಮನೆಯಲ್ಲಿ ಗುಡುಗು ಅಂತಾರೆ.”

“ಗುಡುಗಿದ್ರೆ ಎದೆಗೆ ಗೊತ್ತಾಗುತ್ತೆ. ನನಗೆ ಸಾಕು.”

ಅಷ್ಟರಲ್ಲಿ ಅಣ್ಣ ಒಂದು ಸಂಬಂಧ ತಂದ. ಅವನಿಗೆ ಬಟ್ಟೆ ಸಗಟಾಗಿ ಕೊಡುವವರ ಮಗ. ಮನೆತನ, ಓದು, ವಯಸ್ಸು, ಎತ್ತರ, ಎಲ್ಲ ಹೊಂದುತ್ತದೆ ಎಂದು ಅಮ್ಮ ಹಿಂದೆ ಹಿಂದೆ ತಿರುಗಿದಳು.

“ಒಮ್ಮೆ ನೋಡು ಕಣೇ. ಒಂದಾದ್ರೂ ಕುಂದಿದ್ಯಾ?”

“ಅಣ್ಣನ ಕೇಬಲ್ಲಿಗೂ ಎಂಟು ದೀಪ ಹತ್ತಿತ್ತು,” ಎಂದೆ. “ನನ್ನ ಜೋಡಿ ಯಾರು ಅಂತ ನನಗೆ ಗೊತ್ತು. ಭಾನುವಾರ ಮನೆಗೇ ಬರ್ತಾರೆ. ಎದುರಿಗೆ ಕೂರಿಸಿಕೊಂಡು ಮಾತಾಡಿ.”

ಭಾನುವಾರ ಮಧ್ಯಾಹ್ನ ಅವರು ಬಂದರು. ಇಸ್ತ್ರಿ ಶರ್ಟು, ಇಳಿಸಿದ ತೋಳು, ಗುಂಡಿ ಕೂಡ ಹಾಕಿತ್ತು. ಚೀಲ ಇರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟು ಕೂತರು. ಅಣ್ಣ ನನ್ನ ಕಡೆ ಬೆರಳು ತೋರಿಸಿ, “ನೀನು ಮೇಲೆ ಹೋಗು. ದೊಡ್ಡವರು ಮಾತಾಡ್ತೀವಿ,” ಎಂದ.

ನಾನು ತುಟಿಪಿಟಕ್ಕೆನ್ನದೆ ಮೇಲೆ ಹೋದೆ. ಅಮ್ಮನಿಗೆ ಅಲ್ಲೇ ಭಯವಾಗಬೇಕಿತ್ತು.

ಮೇಲಿನಿಂದ ನೋಡಿದೆ. ಅಣ್ಣ ಬೇಕೆಂದೇ ಅವರಿಗೆ ಪಕ್ಕೆ ಕೊಟ್ಟು ಕೂತು, ಅಮ್ಮನ ಕಡೆ ಮುಖ ಮಾಡಿ ಮಾತಿಗಿಳಿದ. ತುಟಿ ಕಾಣದೆ ಅವರು ಸ್ವಲ್ಪ ಬಗ್ಗಿದರು. ಅಣ್ಣ ಇನ್ನಷ್ಟು ತಿರುಗಿದ. ನಮ್ಮ ಮನೆಗೆ ಬಂದು, ನನಗಾಗಿ ಬಂದು, ಆ ಮನುಷ್ಯ ಒಂದು ಪದಕ್ಕಾಗಿ ಕತ್ತು ಚಾಚಬೇಕೇ? ಲ್ಯಾಪ್‌ಟಾಪ್ ತೆರೆದೆ. ಲೈನ್ ಪರೀಕ್ಷಿಸಿದ ದಿನ ಟಿವಿಗೆ ಮಾಡಿದ ಜೋಡಣೆ ಹಾಗೇ ಇತ್ತು, ಕ್ಯಾಪ್ಷನ್ ಪುಟವನ್ನು ಅದಕ್ಕೆ ಕಳಿಸಿದೆ. ಕೆಳಗೆ ಟಿವಿ ತಾನಾಗಿ ಬೆಳಗಿತು.

ಅಣ್ಣ: ಇವರಿಗೆ ಹೇಗೂ ಕೇಳಿಸಲ್ಲ, ಬಿಚ್ಚಿ ಮಾತಾಡು.

ತಂತಿರಾಯರು ಓದಿದರು. ಬೆನ್ನು ನೆಟ್ಟಗಾಯಿತು. ಮೇಲೆ ನನ್ನ ಕಡೆ ನೋಡಲಿಲ್ಲ, ಟಿವಿಯನ್ನೇ ನೋಡಿದರು. ಕಣ್ಣಲ್ಲಿ ಮಾತ್ರ ನಗು ಬಂದು ಹೋಯಿತು. ಅಣ್ಣನ ಬೆನ್ನು ಟಿವಿಗಿತ್ತು.

ಅಣ್ಣ: ಸಂಬಳ ಇರಬಹುದು. ಆದ್ರೆ ಇವಳು ಬಿದ್ದು ಕೂಗಿದ್ರೆ ಅವನಿಗೆ ಕೇಳಿಸುತ್ತಾ?

ಅಮ್ಮ: ಒಳ್ಳೆಯವನ ಹಾಗೆ ಕಾಣ್ತಾನಪ್ಪ.

ಅಣ್ಣ: ಜನ ಏನಂತಾರೆ? ನಾನು ಅಂಗಡೀಲಿ ಕೂರೋದು ಹೇಗೆ?

(ಅಣ್ಣ ಮೇಜು ಗುದ್ದಿದ. ಯಾರೂ ಹೆದರಲಿಲ್ಲ.)

“ಕೇಳಿಸಲ್ಲ, ನಿಜ,” ಎಂದರು ತಂತಿರಾಯರು, ಜೋರಾಗಿ, ನೇರವಾಗಿ. “ಅದಕ್ಕೇ ನಾನು ಇವರಿಂದ ಕಣ್ಣು ತೆಗೆಯಲ್ಲ. ಬೀಳೋ ಮೊದಲೇ ಗೊತ್ತಾಗುತ್ತೆ.”

ಅಣ್ಣ ಬೆಚ್ಚಿ ತಿರುಗಿ ಟಿವಿ ನೋಡಿದ. ತಾನಾಡಿದ್ದೆಲ್ಲ ಸಾಲು ಸಾಲಾಗಿ ಅಲ್ಲಿತ್ತು. ಬಾಯಲ್ಲಿ ಆಡುವಾಗ ಇಲ್ಲದ ನಾಚಿಕೆ ಓದುವಾಗ ಬಂದಿರಬೇಕು, ಮುಖ ಕಪ್ಪಿಟ್ಟಿತು.

“ನಿಲ್ಲಿಸೇ ಅದನ್ನ!”

ಅಣ್ಣ: ನಿಲ್ಲಿಸೇ ಅದನ್ನ!

“ಈ ಮನೇಲಿ ಎಲ್ಲರಿಗೂ ಕಿವಿ ಇದೆ ಅಣ್ಣ,” ಎಂದು ಮೇಲಿನಿಂದಲೇ ಕೂಗಿದೆ. “ಕೇಬಲ್ ಸರಿಯಿಲ್ಲ ಅಂತ ಎಷ್ಟು ದಿನ ಬಡ್ಕೊಂಡೆ, ಯಾರಿಗೆ ಕೇಳಿಸ್ತು? ಕೇಳಿಸಿಕೊಂಡಿದ್ದು ಇವರೊಬ್ಬರೇ!”

ಅಣ್ಣ ಎದ್ದುನಿಂತು ಏನೋ ಅಬ್ಬರಿಸಲು ಬಾಯಿ ತೆರೆದ. ಅದೇ ಗಳಿಗೆಗೆ ಅಡುಗೆಮನೆಯಲ್ಲಿ ಮಿಕ್ಸಿ ಗರ್ಜಿಸಿತು. ಅತ್ತಿಗೆ ಬಾಗಿಲಿಗೇ ಬಂದು ನಿಂತಿದ್ದರು. ಅವರ ಬೆನ್ನ ಹಿಂದೆ ಮಿಕ್ಸಿ ತಾನಾಗಿ ತಿರುಗುತ್ತಿತ್ತು, ಅದರೊಳಗೆ ಏನಾದರೂ ಇತ್ತೋ ಇಲ್ಲವೋ. ಅಣ್ಣನ ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು, ಒಂದು ಪದ ಯಾರಿಗೂ ಕೇಳಿಸಲಿಲ್ಲ. ಇಡೀ ಹಾಲಿನಲ್ಲಿ ನೆಮ್ಮದಿಯಾಗಿದ್ದವರು ತಂತಿರಾಯರು ಮಾತ್ರ.

ಕೇಳಿಸಿದ್ದನ್ನು ಬರೆಯುವವಳು ನಾನು. ಈಗ ಕೇಳಿಸುತ್ತಿದ್ದುದು ಮಿಕ್ಸಿ ಒಂದೇ. ಬೆರಳು ಕೀಲಿಗಳ ಮೇಲೇ ಇದ್ದವು. ಇಷ್ಟು ವರ್ಷದಲ್ಲಿ ಸಾವಿರ ಜನರ ಗುರುತು ಬರೆದಿದ್ದೇನೆ, ನನ್ನದನ್ನು ಬರೆದಿರಲಿಲ್ಲ. ಬರೆದೆ.

ನಾನು: ಇದು ಯಾರೋ ಆಡಿದ ಮಾತಲ್ಲ. ನಾನು ಇವರನ್ನೇ ಮದುವೆಯಾಗುವುದು. ನೀವು ಒಪ್ಪಿದರೆ ಸಂತೋಷ. ಒಪ್ಪದಿದ್ದರೂ ಮದುವೆ ನಿಲ್ಲುವುದಿಲ್ಲ.

ಎಲ್ಲರೂ ಓದುತ್ತಿದ್ದರು. ಮಿಕ್ಸಿ ಅರಚುತ್ತಿತ್ತು. ಲೈನ್ ಒಂದು ಚೂರೂ ಅಲುಗಲಿಲ್ಲ.

ನಾನು: ತಂತಿರಾಯಾ, ನಿನ್ನನ್ನು ಇನ್ನೂ ಬಾಯಿಬಿಟ್ಟು ಕೇಳಿಲ್ಲ. ನಿನಗೆ ಒಪ್ಪಿಗೆಯೇ?

ಮೊದಲ ಸಲ ‘ನೀನು’ ಎಂದದ್ದನ್ನು ಅವರು ಓದಿದ್ದು ನನಗೆ ಕಂಡಿತು. ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಸರಿಯಿತು. ಕಂಬಿಗಳ ನಡುವೆ ನನ್ನನ್ನು ಹುಡುಕಿ, ಕಣ್ಣು ನೆಟ್ಟು, ಮಿಕ್ಸಿ ಓಡುತ್ತಿರುವುದು ಗೊತ್ತೇ ಇಲ್ಲದೆ ಎದೆತುಂಬ ಉಸಿರೆಳೆದುಕೊಂಡರು. ಅತ್ತಿಗೆ ಅದೇ ಕ್ಷಣಕ್ಕೆ ಕೈ ಹಿಂದಕ್ಕೆ ಚಾಚಿ ಮಿಕ್ಸಿ ಆರಿಸಿದರು.

“ಒಪ್ಪಿದೆ!”

ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಬೀದಿಗೆಲ್ಲ ಸುದ್ದಿಯಾಯಿತು, ಇನ್ನು ಅಣ್ಣ ಯಾರಿಂದಲೂ ಮುಚ್ಚಿಡಬೇಕಾಗಿರಲಿಲ್ಲ.

ಅಣ್ಣ ಕುಸಿದು ಕೂತ. ಟಿವಿಯ ಮೇಲಿನ ಸಾಲುಗಳನ್ನು ಮೊದಲಿನಿಂದ ಓದಿದ. ಕೊನೆಗೆ ಗೊಣಗಿದ: “ಗುದ್ದಿದ ಅಂತ ಬರೆದಿದ್ದೀಯಲ್ಲ. ನಾನು ಗುದ್ದಲಿಲ್ಲ, ತಟ್ಟಿದ್ದು. ತಿದ್ದು ಅದನ್ನ.”

“ಕಳಿಸಿದ್ದನ್ನ ತಿದ್ದೋ ಪದ್ಧತಿ ನಮ್ಮಲ್ಲಿ ಇಲ್ಲ,” ಎಂದೆ.

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡರು, ಆದರೂ ತಡೆಯಲಾಗಲಿಲ್ಲ. ಅಮ್ಮನಿಗೂ ತಡೆಯಲಾಗಲಿಲ್ಲ. ನಾನು ಅಭ್ಯಾಸಬಲದಿಂದ ಬರೆದೆ: (ಇಬ್ಬರು ನಕ್ಕರು.)

ತಂತಿರಾಯರು ಅದನ್ನು ಓದಿದರು. ಆಮೇಲೆ ನನ್ನ ಮುಖವನ್ನು ನೋಡುವಷ್ಟೇ ಗಮನವಿಟ್ಟು ಅಣ್ಣನ ಮುಖವನ್ನು ನೋಡಿದರು. ಮೀಸೆಯ ಕೆಳಗೆ ಏನು ಕಂಡಿತೋ, ತಲೆಯೆತ್ತಿ ನನಗೆ ಮೂರು ಬೆರಳು ತೋರಿಸಿದರು.

“ಮೂವರು.”

ನಾನು ತಿದ್ದಿದೆ.